ಐದು ಲಕ್ಷ ಹತ್ತು ಸಾವಿರದ ಐನೂರ ಹತ್ತು

ನಾನು ಚಿಕ್ಕವಳಿದ್ದಾಗ, ಕಲಬುರಗಿ ಕಡೆಯಿಂದ ಬಂದ ನಮಗೆ ಹಲಸೂರಿನ ಒಂದು ಬಾಡಿಗೆ ಕೋಣೆಯೇ ಮನೆ. ಅಪ್ಪ ಕುಕ್ ಟೌನಿನ ಬಂಗಲೆಗಳಲ್ಲಿ ನೆಲಕ್ಕೆ ಟೈಲ್ಸ್ ಬಿಲ್ಲೆ ಕೂರಿಸುತ್ತಿದ್ದರು. ಉಳಿದ ಚೂರುಗಳನ್ನು ಅಕ್ಕನಿಗೆ ಆಡಲು ತಂದುಕೊಡುತ್ತಿದ್ದರು. ಕೆಂಪು, ಹಳದಿ ಬಣ್ಣದ ಆ ನುಣುಪು ಚೂರುಗಳಿಗೆ ಹಸಿ ಸಿಮೆಂಟಿನ ವಾಸನೆ. ಅಕ್ಕ ಅವನ್ನು ಸಾಲುಸಾಲಾಗಿ ಜೋಡಿಸುತ್ತಿದ್ದಳು. ಆರು ಚೂರುಗಳು ಎರಡು ಸಮನಾದ ಸಾಲಾಗುತ್ತಿದ್ದವು. ಏಳು ಮಾತ್ರ ಏನು ಮಾಡಿದರೂ ಒಂದೇ ಉದ್ದ ಸಾಲು. ಹನ್ನೊಂದು, ಹದಿಮೂರೂ ಹಾಗೆಯೇ. ಅಂಥವುಗಳಿಗೆ ಅವಳು ಹಟಮಾರಿಗಳು ಎಂದು ಹೆಸರಿಟ್ಟಿದ್ದಳು. ಈ ಮೂವರು ಹಟಮಾರಿಗಳನ್ನು ಗುಣಿಸಿದರೆ ಸರಿಯಾಗಿ ಸಾವಿರದ ಒಂದು ಬರುತ್ತದೆಂದು ತಿಳಿದಾಗ ಅಂಗಳದಲ್ಲೆಲ್ಲ ಕುಣಿದಿದ್ದಳು.

ಜೂನ್ ತಿಂಗಳಲ್ಲಿ ಅಪ್ಪ ಅವಳನ್ನು ಆರನೇ ತರಗತಿಗೆ ಸೇರಿಸಲು ಕಾಕ್ಸ್ ಟೌನಿನ ಶಾಲೆಯೊಂದಕ್ಕೆ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಹೆಡ್ ಟೀಚರ್ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಅಕ್ಕ ಅಪ್ಪನ ಮುಖ ನೋಡಿದಳು.

"ಇಂಗ್ಲಿಷೇ ಬರಲ್ವಲ್ಲ ರೀ. ನಾಲ್ಕನೇ ಕ್ಲಾಸಲ್ಲಿ ಕೂರಿಸ್ತೀನಿ."

ಎರಡು ವರ್ಷ ಹಿಂದಕ್ಕೆ!

"ಅಕಿಗೆ ಲೆಕ್ಕ ಭಾಳ ಚಲೋ ಬರ್ತದ್ರಿ. ಒಂದ್ ಕೇಳಿ ನೋಡ್ರಿ," ಎಂದರು ಅಪ್ಪ.

ಟೀಚರ್ ಹಲಗೆಯ ಮೇಲೆ 2 × 3 × 5 × 7 × 11 × 13 × 17 ಎಂದು ಬರೆದು ಸೀಮೆಸುಣ್ಣ ಕೊಟ್ಟರು. ಅಷ್ಟುದ್ದದ ಲೆಕ್ಕ ನೋಡಿ ನನಗೋ ಅಳುವೇ ಬಂದಿತ್ತು. ಅಕ್ಕ ಏಳು, ಹನ್ನೊಂದು, ಹದಿಮೂರರ ಸುತ್ತ ಗೆರೆ ಎಳೆದಳು.

"ಇವು ಮೂರೂ ಗುಣಿಸಿದ್ರ ಸಾವಿರದ ಒಂದ್ರಿ. ಉಳಿದವು ಗುಣಿಸಿದ್ರ ಐನೂರ ಹತ್ತು. ಅದನ್ನ ಸಾವಿರದ ಒಂದರಿಂದ ಗುಣಿಸೂದಂದ್ರ ಎರಡು ಸಲ ಬರೆದ್ರ ಆತು." ಹಾಗೆಂದು 510510 ಎಂದು ಬರೆದಳು.

ಟೀಚರ್ ಕಾಗದದ ಮೇಲೆ ಉದ್ದಕ್ಕೆ ಗುಣಿಸಿದರು. ಉತ್ತರ ಅದೇ! ಅವರ ಕಣ್ಣು ಅರಳಿತು. "ಇದಕ್ಕೆ ಒಂದು ಕೂಡಿಸಿದ್ರೆ? ಆಗ ಯಾವುದರಿಂದ ಭಾಗ ಹೋಗುತ್ತೆ?"

"ಈ ಏಳು ಸಂಖ್ಯೆಯೊಳಗ ಯಾವುದರಿಂದನೂ ಹೋಗಂಗಿಲ್ರಿ, ಒಂದು ಉಳೀತದ. ಬೇರೆ ಯಾವುದಾದ್ರೂ ಹೋಗ್ತದೋ ಏನೋ, ನಂಗ ಗೊತ್ತಿಲ್ರಿ. ನೋಡಬೇಕು."

ಟೀಚರ್ ನಕ್ಕು, "ಆರನೇ ಕ್ಲಾಸ್, ಮುಂದಿನ ಬೆಂಚು," ಎಂದರು.

ದಾರಿಯುದ್ದಕ್ಕೂ ಅಕ್ಕ ತುಟಿ ಅಲುಗಿಸುತ್ತಾ ನಡೆದಳು. ಬೆಣ್ಣೆ ಬನ್ನಿನ ಘಮ ಬರುತ್ತಿದ್ದ ಬೇಕರಿಯ ಮುಂದೆ ಥಟ್ಟನೆ ನಿಂತು, "ಅಪ್ಪಾ, ಒಂದು ಕೂಡಿಸಿದ್ದು ಹತ್ತೊಂಬತ್ತರಿಂದ ಹೋಗ್ತದ!" ಎಂದು ಕೂಗಿದಳು. ಅಪ್ಪನಿಗೆ ಅದು ಪೂರ್ತಿ ಅರ್ಥವಾಯಿತೋ ಇಲ್ಲವೋ. ಅವರು ಬೇಕರಿಯವನಿಗೂ, ದಾರಿಯಲ್ಲಿ ಸಿಕ್ಕ ಪರಿಚಯದವರೆಲ್ಲರಿಗೂ, "ನನ್ನ ಮಗಳು ಕಂಡುಹಿಡಿದಾಳ್ರಿ!" ಎಂದು ಹೇಳುತ್ತಾ ಎದೆಯುಬ್ಬಿಸಿ ನಡೆದರು.

ಮಕ್ಕಳೇ, ನೀವು ಫೋನಿನಲ್ಲಿ ಒತ್ತಿದರೆ ಇಂಥ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ನಿಮ್ಮ ತರಗತಿಯಲ್ಲಿ ತಮಿಳು, ಉರ್ದು, ಬಂಗಾಳಿ ಮಾತಾಡುವ ಮಕ್ಕಳು ಅಕ್ಕಪಕ್ಕ ಕೂತು ಕಲಿಯುತ್ತಾರೆ. ನೋಡಿದರೆ ಖುಷಿಯಾಗುತ್ತದೆ. ನಮ್ಮ ಕಾಲದಲ್ಲಿ ಒಂದು ಬೆಂಚು ಸಿಗಬೇಕಾದರೂ ಹಲಗೆಯ ಮುಂದೆ ಒಬ್ಬಳೇ ನಿಂತು ತೋರಿಸಬೇಕಿತ್ತು. ನನ್ನ ಅಕ್ಕ ತೋರಿಸಿದಳು.