ಮುಚ್ಚುವ ಬಾಗಿಲಿನ ಕೋಣೆ

ನನ್ನ ತಂಗಿಗೆ ಉಪಕಾರ ಮಾಡಲು ಹೊರಟವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಪಕಾರ ಮಾಡುವವರ ಹತ್ತಿರ ಜಗಳವಾದರೂ ಆಡಬಹುದು. ಉಪಕಾರ ಮಾಡುವವರು ನಗುತ್ತಾ ನಿಂತಿರುತ್ತಾರೆ, ಅವರನ್ನು ಏನು ಮಾಡುವುದು?

ನಾವಿಬ್ಬರೂ ಒಂದೇ ಕಂಪನಿಯಲ್ಲಿದ್ದೇವೆ. ನಾನು ಮುಂಬಾಗಿಲಲ್ಲಿ ಫೋನು ಎತ್ತುವವಳು, ಬಂದವರನ್ನು ಕೂರಿಸುವವಳು. ಅವಳು ಆಸ್ಪತ್ರೆಗಳಿಂದ ಕೆಟ್ಟು ಬರುವ ಯಂತ್ರಗಳನ್ನು ರಿಪೇರಿ ಮಾಡುವವಳು. ಅದರಲ್ಲೂ ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳನ್ನು. ಅವುಗಳ ಬೋರ್ಡಿನ ಮೇಲೆ ಸಾಸಿವೆಗಿಂತ ಚಿಕ್ಕ ಬಿಡಿಭಾಗಗಳನ್ನು ಬೆಸೆಯುತ್ತಾ ಕೂತರೆ ಊಟ ತಿಂಡಿಯ ನೆನಪಿರುವುದಿಲ್ಲ. ಚಿಕ್ಕವಳಿದ್ದಾಗ ಡಾಕ್ಟರು ಆಟಿಸಂ ಅಂದರು. ಅಮ್ಮ "ಅವಳು ಇರೋದೇ ಹಾಗೆ" ಅಂದಳು. ಇಬ್ಬರೂ ಹೇಳಿದ್ದು ಸರಿಯೇ. ಎದುರಿಗೆ ಯಾರಾದರೂ ಇಬ್ಬರು ಒಟ್ಟಿಗೆ ಮಾತಾಡಿದರೆ ಅವಳ ತಲೆ ಚಿಟ್ಟು ಹಿಡಿಯುತ್ತದೆ, ಹಿಂದಿನಿಂದ ಬಂದು ಹೆಗಲು ಮುಟ್ಟಿದರೆ ಬೆಚ್ಚಿ ಬೀಳುತ್ತಾಳೆ, ಚಪ್ಪಾಳೆ ಸದ್ದಂತೂ ಅವಳಿಗೆ ಆಗುವುದೇ ಇಲ್ಲ.

ಪ್ಯಾಸೇಜಿನ ಕೊನೆಯಲ್ಲಿ, ಮೊದಲು ಸಾಮಾನು ತುಂಬುತ್ತಿದ್ದ ಪುಟ್ಟ ಕೋಣೆ ಅವಳದು. ಕಿಟಕಿ ಇಲ್ಲ. ಒಂದು ಮೇಜು, ಒಂದು ದೀಪ, ಸರಿಯಾಗಿ ಮುಚ್ಚಿಕೊಳ್ಳುವ ಬಾಗಿಲು. ಅಲ್ಲಿ ವರ್ಷಗಟ್ಟಲೆ ಸುಖವಾಗಿದ್ದಳು. ಅವಳಿಗೆ 'ಗೂಬೆ' ಅಂತ ಅಡ್ಡಹೆಸರಿಟ್ಟವರೇ ಕಷ್ಟದ ಯಂತ್ರ ಬಂದಾಗ "ಗೂಬೆ ಹತ್ರ ಕೊಡ್ರಿ" ಅನ್ನುತ್ತಿದ್ದರು.

ಆಮೇಲೆ ಹೊಸ ಮ್ಯಾನೇಜರ್ ಮೇಡಂ ಬಂದರು. ಒಳ್ಳೆಯ ಹೆಂಗಸು, ಅದೇ ತೊಂದರೆ. ಎಲ್ಲೋ ತರಬೇತಿಗೆ ಹೋಗಿ ಬಂದವರೇ ತಂಗಿಯ ಕೋಣೆಯ ಮುಂದೆ ನಿಂತು ಕಣ್ಣು ಒರೆಸಿಕೊಂಡರು. "ಅಯ್ಯೋ, ಇಷ್ಟು ವರ್ಷ ಇವರನ್ನ ಈ ಗೂಡಲ್ಲಿ ಬಚ್ಚಿಟ್ಟಿದ್ದೀರಾ? ಇವರೂ ನಮ್ಮ ಹಾಗೇ ಮನುಷ್ಯರಲ್ವಾ?"

ವಾರದೊಳಗೆ ತಂಗಿಯ ಮೇಜು ದೊಡ್ಡ ಹಾಲಿನ ನಟ್ಟನಡುವೆ ಬಂತು. ಒಂದು ಕಡೆ ಗುರುಗುಟ್ಟುವ ಕಾಫಿ ಯಂತ್ರ, ಇನ್ನೊಂದು ಕಡೆ ದಿನವಿಡೀ ಫೋನಿನಲ್ಲಿ ಅರಚುವ ಮಾರಾಟದವರು. ಗೋಡೆಗೆ 'ಎಲ್ಲ ಬಗೆಯ ಮನಸ್ಸುಗಳಿಗೂ ಸ್ವಾಗತ' ಎಂಬ ಬಣ್ಣದ ಫಲಕ. ಮೊದಲ ದಿನ ಎಲ್ಲರೂ ಸುತ್ತ ನಿಂತು ಚಪ್ಪಾಳೆ ತಟ್ಟಿದರು. ತಂಗಿ ಮೇಜಿನ ಕೆಳಗೆ ಹೋಗಿ ಕೂತಳು. "ಪಾಪ, ನಾಚಿಕೆ," ಅಂದರು ಮೇಡಂ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಅಂದರೆ ಇದೇ.

ಅವಳ ಕೈ ತಪ್ಪತೊಡಗಿತು. ಹಾಗಾದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಪರೀಕ್ಷೆ ಮಾಡುವವರು ಅವಳ ಬೋರ್ಡುಗಳನ್ನು ಒಂದರ ಹಿಂದೆ ಒಂದು ವಾಪಸ್ ಕಳಿಸಿದರು. ಮನೆಗೆ ಬಂದರೆ ಬಚ್ಚಲ ಬಾಗಿಲು ಹಾಕಿಕೊಂಡು ದೀಪವಿಲ್ಲದೆ ಕೂರುತ್ತಿದ್ದಳು, ಅಮ್ಮ ಹೊರಗೆ ತಟ್ಟೆ ಹಿಡಿದು ನಿಂತಿರುತ್ತಿದ್ದಳು. ಹಳೆ ಕೋಣೆ ಕೊಡಿ ಅಂತ ನಾನು ಮೇಡಂಗೆ ಹೇಳಿ ಹೇಳಿ ಸಾಕಾದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. "ಅಭ್ಯಾಸ ಆಗುತ್ತೆ ಬಿಡಿ. ಮತ್ತೆ ಅಲ್ಲಿಗೆ ಕಳಿಸಿದ್ರೆ ನೋಡಿದವರು ಏನಂತಾರೆ?"

ಕೊನೆಗೆ ನಮ್ಮಿಬ್ಬರನ್ನೂ ಕರೆದು, ಈ ತಿಂಗಳೂ ಹೀಗೇ ಆದರೆ ಕೆಲಸದಿಂದ ಬಿಡಿಸಬೇಕಾಗುತ್ತದೆ ಅಂದರು. ತಂಗಿ ಪಕ್ಕದಲ್ಲೇ ಕೂತಿದ್ದಳು. ಅವರು ಕೇಳಿದ್ದು ಮಾತ್ರ ನನ್ನನ್ನು.

"ಇವರಿಗೆ ಇನ್ನೇನು ಬೇಕು ಹೇಳಿ. ಮೆತ್ತನೆ ಕುರ್ಚಿ? ಗಿಡದ ಕುಂಡ?"

"ಅವಳಿಗೂ ಬಾಯಿದೆ ಮೇಡಂ, ಅವಳನ್ನೇ ಕೇಳಿ," ಅಂದೆ. ನನ್ನ ದನಿ ಏರಿತ್ತು.

ತಂಗಿ ನೆಲ ನೋಡುತ್ತಾ ಹೇಳಿದಳು: "ಬಾಗಿಲು ಬೇಕು. ಮುಚ್ಚೋದಕ್ಕೆ."

ಮೇಡಂಗೆ ಏನು ಹೊಳೆಯಿತೋ, ಒಪ್ಪಿದರು. ಸದ್ಯ, ಅಂದುಕೊಂಡೆ. ಎಲ್ಲಿಯ ಸದ್ಯ! ಸುಮ್ಮನೆ ಕೊಡಲು ಅವರಿಂದಾದೀತೇ? ಅದೇ ಹಳೆಯ ಕೋಣೆಗೆ ತಿಳಿನೀಲಿ ಬಣ್ಣ ಬಳಿಸಿದರು, 'ಶಾಂತಿ ಕೊಠಡಿ' ಎಂದು ಹೆಸರಿಟ್ಟರು, ಬಾಗಿಲಿಗೆ ಅಡ್ಡವಾಗಿ ಕೆಂಪು ರಿಬ್ಬನ್ ಕಟ್ಟಿಸಿದರು. ಉದ್ಘಾಟನೆಯಂತೆ. ದೊಡ್ಡ ಸಾಹೇಬರು ಬಂದರು, ಫೋಟೋದವನು ಬಂದ, ಹಾಲಿನ ಜನವೆಲ್ಲ ಚಪ್ಪಾಳೆಗೆ ಸಿದ್ಧವಾಗಿ ಪ್ಯಾಸೇಜಿನಲ್ಲಿ ಒತ್ತಿಕೊಂಡು ನಿಂತರು. ನನಗೆ ಅಳುವೇ ಬಂತು. ಇವರಿಗೆ ಯಾವ ಭಾಷೆಯಲ್ಲಿ ಹೇಳಬೇಕು?

"ಎಲ್ಲಿ ನಿಮ್ಮ ತಂಗಿ? ಕತ್ತರಿ ಅವರ ಕೈಗೇ ಕೊಡಬೇಕು," ಅಂದರು ಮೇಡಂ.

ಎಲ್ಲ ಕಡೆ ಹುಡುಕಿದರು. ಆಮೇಲೆ ಯಾರೋ ಬಾಗಿಲ ಸಂದಿಯ ಬೆಳಕು ತೋರಿಸಿದರು. ಒಳಗಿನಿಂದ ಚಿಲಕ ಹಾಕಿತ್ತು. ದಿನಾ ಬರುವ ಹೊತ್ತಿಗೇ ಬಂದು, ರಿಬ್ಬನ್ ಕೆಳಗೆ ಬಗ್ಗಿ ಒಳಗೆ ಹೋಗಿ, ಅವಳು ಕೆಲಸ ಶುರುಮಾಡಿಬಿಟ್ಟಿದ್ದಳು.

ಮೇಡಂ ಬಾಗಿಲು ತಟ್ಟಿದರು. "ರಿಬ್ಬನ್ ಕತ್ತರಿಸೋಕೆ ಬನ್ನಮ್ಮಾ, ಎಲ್ಲರೂ ಕಾಯ್ತಿದ್ದಾರೆ."

"ಬೆಸುಗೆ ಅರ್ಧಕ್ಕೆ ಬಿಡೋಕಾಗಲ್ಲ," ಅಂದಿತು ಒಳಗಿನ ದನಿ. "ಸಂಜೆ ಬರ್ತೀನಿ."

ಸಾಹೇಬರು ಗಡಿಯಾರ ನೋಡಿಕೊಂಡು ಹೊರಟರು. ಜನ ಚದುರಿದರು. ಕತ್ತರಿ ಹಿಡಿದ ಮೇಡಂ ಇಂಗು ತಿಂದ ಮಂಗನ ಹಾಗೆ ನಿಂತಿದ್ದರು. ನನಗೆ ನಗು ಬಂತು, ಆದರೆ ಸಿಟ್ಟು ಹೋಗಲಿಲ್ಲ.

ಸಂಜೆ ಚಿಲಕ ತೆಗೆದ ಸದ್ದಾದಾಗ ಅಲ್ಲಿ ನಾನೊಬ್ಬಳೇ ಇದ್ದೆ. ತಂಗಿ ಮುಗಿಸಿದ ಬೋರ್ಡುಗಳ ಟ್ರೇಯನ್ನು ನನ್ನ ಕೈಗೆ ಕೊಟ್ಟಳು. ಪರೀಕ್ಷೆಯವರು ಅದರಲ್ಲಿ ಒಂದನ್ನೂ ವಾಪಸ್ ಕಳಿಸಲಿಲ್ಲ. ಕೆಲಸ ಬಿಡಿಸುವ ಮಾತನ್ನೂ ಆಮೇಲೆ ಯಾರೂ ಎತ್ತಲಿಲ್ಲ.

ಟ್ರೇ ಕೊಟ್ಟವಳು ಮತ್ತೆ ರಿಬ್ಬನ್ ಕೆಳಗೆ ಬಗ್ಗಿ ಹೊರಗೆ ಬಂದಳು. "ಅಕ್ಕಾ, ಇದನ್ನ ಯಾಕೆ ಕಟ್ಟಿದ್ದಾರೆ? ಓಡಾಡೋಕೆ ಅಡ್ಡ."

ಗಂಟು ಬಿಚ್ಚಿ ರಿಬ್ಬನ್ನನ್ನು ಕಸದ ಬುಟ್ಟಿಗೆ ಹಾಕಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.