ಶಿವಗಂಗಾಳ ಎಡಗಾಲು

ಗುಂಡಗುರ್ತಿಯ ಶಿವಗಂಗಾ ತಾಯಿಯ ಹೊಟ್ಟೆಯಿಂದ ಬರುವಾಗಲೇ ಕಾಲು ಮುಂದೆ ಮಾಡಿದವಳು. ಹಾಗೆ ಹುಟ್ಟಿದವರು ಎಡಗಾಲಿನಿಂದ ಮೂರು ಸಲ ಒದ್ದರೆ ಹಿಡಿದ ಟೊಂಕ ಬಿಡುತ್ತದೆ ಎಂದು ಅಲ್ಲಿಯವರ ನಂಬಿಕೆ. ಹೀಗಾಗಿ ಅವಳಿಗೆ ಬುದ್ಧಿ ಬರುವ ಮೊದಲೇ ಅವಳ ಕಾಲಿಗೆ ಕೆಲಸ ಬಂತು. ತೊಟ್ಟಿಲ ಕೂಸನ್ನು ಎತ್ತಿಕೊಂಡು ಹೋಗಿ ಯಾರ್ಯಾರದೋ ಬೆನ್ನಿಗೆ ಪಾದ ತಾಗಿಸುತ್ತಿದ್ದರು. ದೊಡ್ಡವರನ್ನು ಒದ್ದರೆ ಪಾಪವಲ್ಲವೆ? ಅದಕ್ಕೂ ದಾರಿ ಇತ್ತು. ಒದ್ದ ಮೇಲೆ ಬಗ್ಗಿ ಅವರ ಪಾದ ಮುಟ್ಟಿದರೆ ಪಾಪ ಪರಿಹಾರ. ಒದಿ, ಬಗ್ಗು. ನಲವತ್ತೈದು ವರ್ಷ ಅವಳು ಇದನ್ನೇ ಮಾಡಿಕೊಂಡು ಬಂದಳು.

ಮದುವೆಯಾಗಿ ಸೇಡಂಗೆ ಬಂದಾಗ ಅವಳಿಗಿಂತ ಮೊದಲು ಅವಳ ಕಾಲಿನ ಸುದ್ದಿ ಬಂದಿತ್ತು. ಮಾವ ರೇವಣಸಿದ್ದಯ್ಯ ತಹಸೀಲ ಕಚೇರಿಯಿಂದ ನಿವೃತ್ತರಾದವರು, ಜಂಗಮರು. ಓಣಿಯ ಮಂದಿಯೆಲ್ಲ ಅವರ ಕಾಲಿಗೆ ಬೀಳುತ್ತಿತ್ತು; ಅವರು ಯಾರಿಗಾದರೂ ಬಗ್ಗಿದ್ದನ್ನು ಕಂಡವರಿಲ್ಲ. ದಿನವಿಡೀ ಕಟ್ಟೆಯ ಮೇಲೆ ಕುಳಿತು ಹೋಗಿ ಬರುವವರನ್ನು ಕರೆಯುವುದೇ ಅವರ ಉದ್ಯೋಗ.

"ಯಾಕೋ, ಕುಂಟಲಿಕತ್ತೀದಿ? ಟೊಂಕ ಹಿಡದದೇನು? ಬಾ, ನಮ್ಮ ಸೊಸಿ ಒದೀತಾಳ!"

ಶಿವಗಂಗಾ ಪ್ರಾಥಮಿಕ ಶಾಲೆಯ ಟೀಚರ್. ಹದಿನೆಂಟು ವರ್ಷ ಚಿಂಚೋಳಿ ರಸ್ತೆಯ ಬಸ್ಸಿನಲ್ಲಿ ಓಡಾಡಿ ಅವಳ ಬೆನ್ನು ಮೊದಲೇ ಹಣ್ಣಾಗಿತ್ತು. ಸಂಜೆ ಮನೆಗೆ ಬಂದರೆ ಕಟ್ಟೆಯ ಮೇಲೆ ನಾಲ್ಕು ಜನ ಟೊಂಕ ಹಿಡಿದುಕೊಂಡು ಕೂತಿರುತ್ತಿದ್ದರು. ಹೋದ ದೀಪಾವಳಿಯ ಮರುದಿನ ವಾಡಿಯಿಂದ ಒಬ್ಬ ಮುದುಕ ಬಂದ. ಒದ್ದಳು, ಬಗ್ಗಿದಳು. ಬಗ್ಗಿದವಳು ಏಳಲಿಲ್ಲ. ಟೊಂಕದಿಂದ ಎಡಗಾಲಿನ ಹೆಬ್ಬೆರಳಿನವರೆಗೆ ಬೆಂಕಿ ಹರಿದಂತಾಯಿತು. ಮುದುಕ ಮಾತ್ರ ನೆಟ್ಟಗೆ ನಿಂತು, "ನಂದು ಆರಾಮಾತು ನೋಡವ್ವ" ಎಂದು ಹೊರಟೇ ಹೋದ.

ಕಲಬುರಗಿಯ ಡಾಕ್ಟರ್ ಶ್ರೀವಿದ್ಯಾ ಸ್ಕ್ಯಾನ್ ನೋಡಿದರು. "ಡಿಸ್ಕ್ ಉಬ್ಬಿ ನರಕ್ಕ ತಾಗ್ಲಿಕತ್ತದ್ರಿ. ಆರು ವಾರ ಬಗ್ಗಬ್ಯಾಡ್ರಿ, ಭಾರ ಎತ್ತಬ್ಯಾಡ್ರಿ. ದಿನಾ ನಡೀರಿ, ವ್ಯಾಯಾಮ ಮಾಡ್ರಿ. ಭಾಳ ಮಂದಿಗಿ ಇಷ್ಟರಾಗೇ ಕಡಿಮಿ ಆಗ್ತದ. ಆಗಲಿಲ್ಲಂದ್ರ ಆಪರೇಷನ್ ವಿಚಾರ ಮಾಡೋಣ."

ಆಪರೇಷನ್ ಎಂದ ಕೂಡಲೇ ಶಿವಗಂಗಾ ಬಾಗಿಲ ಕಡೆ ನೋಡಿದಳು. "ಒದಿಯೋದು ನಡೀತದೇನ್ರಿ?" ಎಂದು ಮೆಲ್ಲಗೆ ಕೇಳಿದಳು.

ಡಾಕ್ಟರು ಕನ್ನಡಕ ತೆಗೆದರು. "ಯಾರು, ಯಾರನ್ನ?"

ವಿಷಯ ಕೇಳಿ ಅವರು ಹಣೆ ಹಣೆ ಬಡಿದುಕೊಂಡರು. ಟೊಂಕ ಹಿಡಿದವರನ್ನು ಒದ್ದರೆ ಇದ್ದ ಡಿಸ್ಕೂ ಹೊರಗೆ ಬಂದೀತು, ತಾನಾಗಿ ಬಿಡುವ ನೋವಿನಿಂದ ನಿಮ್ಮ ಕಾಲಿಗೆ ಹೆಸರು ಬಂದಿದೆ ಅಷ್ಟೆ ಎಂದರು. ಇಷ್ಟು ವರ್ಷ ಎಷ್ಟು ಜನರ ಬೆನ್ನು ಕೆಡಿಸಿದೆನೋ ಎಂದು ಶಿವಗಂಗಾ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದಳು.

ರಜೆ ಹಾಕಿ ಮನೆಯಲ್ಲಿ ಕೂತಳು. ಕೂತಳು ಎನ್ನುವುದೂ ತಪ್ಪು, ಕೂಡುವುದೇ ಕಷ್ಟ. ಏಳುವಾಗ ಮಗ್ಗುಲಾಗಿ ಏಳಬೇಕು, ಮಲಗುವಾಗ ಮೊಣಕಾಲಡಿ ದಿಂಬು ಬೇಕು, ರೊಟ್ಟಿ ನಿಂತೇ ಬಡಿಯಬೇಕು. ಕೈಯಿಂದ ಚಮಚೆ ಬಿದ್ದರೆ ಗಂಡ ಸಂಗಮೇಶ್ವರ ಸಿಮೆಂಟ್ ಕಾರ್ಖಾನೆಯ ಪಾಳಿ ಮುಗಿಸಿ ಬರುವ ತನಕ ಅದು ಅಲ್ಲೇ ಬಿದ್ದಿರಬೇಕು. ದಿನ ಕಳೆದ ಹಾಗೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು, ಎರಡು ಎಂದು ಬರೆಯುತ್ತ ಹೋದಳು. ಇದನ್ನೆಲ್ಲ ಸಹಿಸಬಹುದಿತ್ತು, ನೋಡಲು ಬಂದವರನ್ನು ಸಹಿಸಲಾಗಲಿಲ್ಲ. ಒಬ್ಬಳು ಎಣ್ಣೆ ತಂದಳು, ಒಬ್ಬಳು "ಬೆನ್ನಿನ ಮಣಕಾ ಸರದದ, ಎಳಿಸ್ಕೋ" ಎಂದಳು, ಇನ್ನೊಬ್ಬಳು "ಒದಿಯೋರಿಗೇ ಟೊಂಕ ಹಿಡದ್ರ ಹ್ಯಾಂಗವ್ವ?" ಎಂದು ನಕ್ಕಳು. ಎಲ್ಲರಿಗಿಂತ ಮಿಗಿಲು ಮಾವ. ಇಷ್ಟಾದರೂ ಅವರು ಕಟ್ಟೆಯ ಮೇಲಿಂದ ಜನರನ್ನು ಕರೆಯುವುದು ಬಿಡಲಿಲ್ಲ. "ಕಾಲಷ್ಟೇ ತಾಗಿಸು, ಏನಾಗ್ತದ?" ಎನ್ನುತ್ತಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವಳು ಗೊಣಗುತ್ತ ಒಳಗೆ ನಡೆಯುತ್ತಿದ್ದಳು.

ಮೂವತ್ತಾರನೆಯ ದಿನ. ನೋವು ಕಾಲಿನಿಂದ ಇಳಿದಿತ್ತು, ಜೋಮು ಹೆಬ್ಬೆರಳಲ್ಲಷ್ಟೇ ಉಳಿದಿತ್ತು. ಇನ್ನಾರು ದಿನ ಕಳೆದರೆ ಗೆದ್ದಳು. ಆಗ ಮಾವ ಚಿತ್ತಾಪುರದಿಂದ ರುಕ್ಮಿಣಿಬಾಯಿಯವರನ್ನು ಕರೆಸಿದರು. ಶಿವಗಂಗಾಳ ಕೈ ಹಿಡಿದು ಮೊದಲ ಅಕ್ಷರ ತಿದ್ದಿಸಿದ ಟೀಚರ್ ಅವರು. ಈಗ ಟೊಂಕ ಹಿಡಿದು ಗೋಡೆ ಹಿಡಿದುಕೊಂಡೇ ಒಳಗೆ ಬಂದರು.

"ಬಾಯೇರ, ಒದಿಯೋದ್ರಿಂದ ಏನೂ ಆಗಂಗಿಲ್ರಿ. ಡಾಕ್ಟರ್ ಕಡಿ ಹೋಗ್ರಿ."

"ಅಷ್ಟು ದೂರದಿಂದ ಬಂದೀನವ್ವ. ಸುಮ್ನ ಕಾಲು ತಾಗಸು. ನಮಸ್ಕಾರ ಬ್ಯಾಡ."

"ಬಂದೋರನ್ನ ಹಂಗೇ ಕಳಸ್ತಾರೇನು?" ಎಂದು ಮಾವ ಗದರಿದರು.

ಶಿವಗಂಗಾಗೆ ಸಾಕಾಗಿ ಹೋಯಿತು. ಒಮ್ಮೆ ತಾಗಿಸಿ ಪೀಡೆ ಕಳೆದುಕೊಂಡರಾಯಿತು ಎಂದು ಮೂರು ಸಲ ಮೆತ್ತಗೆ ಪಾದ ಮುಟ್ಟಿಸಿದಳು. ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಎದುರಿಗಿರುವುದು ಗುರುವಿನ ಪಾದ. ತಲೆ ಬೇಡವೆನ್ನುವಷ್ಟರಲ್ಲಿ ಮೈ ತಾನೇ ಬಗ್ಗಿಬಿಟ್ಟಿತ್ತು. ಚೀರಿದ್ದು ತಾನೇ ಎಂದು ಅವಳಿಗೆ ಆಮೇಲೆ ತಿಳಿಯಿತು.

ಮರುದಿನ ಶ್ರೀವಿದ್ಯಾ ಹೆಚ್ಚು ಬೈಯಲಿಲ್ಲ. "ಮತ್ತ ಒಂದರಿಂದ ಎಣಸ್ರಿ. ಇದು ಕೊನೇ ಸಲ," ಎಂದರು, ಅಷ್ಟೆ. ಅದು ಬೈಗುಳಕ್ಕಿಂತ ಕೆಟ್ಟದಾಗಿ ತಾಗಿತು.

ಸಂಗಮೇಶ್ವರ ಅವಳನ್ನು ಮನೆಮುಂದೆ ಆಟೋದಿಂದ ಇಳಿಸಿದ. ಎರಡು ಹೆಜ್ಜೆ ಇಟ್ಟಳು, ಜೋಮು ಹಿಡಿದ ಎಡಗಾಲಿನಿಂದ ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಬಗ್ಗುವಂತಿಲ್ಲ, ಗಂಡ ಇನ್ನೂ ಆಟೋದವನ ಹತ್ತಿರವಿದ್ದಾನೆ. ಬಿಸಿಲಿಗೆ ಕಾದ ಫರಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಚಪ್ಪಲಿಯನ್ನೇ ನೋಡುತ್ತ ಅವಳು ಅತ್ತುಬಿಟ್ಟಳು.

ರೇವಣಸಿದ್ದಯ್ಯ ಕಟ್ಟೆಯಿಂದ ಇಳಿದು ಬಂದರು. ಚಪ್ಪಲಿ ಎತ್ತಿಕೊಂಡರು. ಓಣಿಯೆಲ್ಲ ನೋಡುತ್ತಿದ್ದ ಹಾಗೆ ಸೊಸೆಯ ಮುಂದೆ ಬಗ್ಗಿ ಅವಳ ಪಾದಕ್ಕೆ ತೊಡಿಸಿದರು.

"ಬ್ಯಾಡ್ರಿ ಮಾವಾರ!"

"ಸುಮ್ನಿರವ್ವ. ಈ ಕಾಲಿಗಿ ನಾ ಭಾಳ ಕೆಲಸ ಹಚ್ಚಿಬಿಟ್ಟೆ," ಎಂದವರು ಏಳಲು ಹೋಗಿ ಅರ್ಧದಲ್ಲೇ ನಿಂತರು. ಮುಖ ಕಿವುಚಿದರು. "ಅಯ್ಯಯ್ಯೋ… ಹಿಡೀತಲ್ಲೋ!"

ಎದುರುಮನೆಯ ಭಾಗಮ್ಮ ಓಡಿ ಬಂದಳು. "ಸೊಸಿ ಇಲ್ಲೇ ನಿಂತಾಳಲ್ರಿ. ಒಂದ್ಸಲ ಒದ್ದಬಿಡು ಶಿವಗಂಗಾ!"

"ಏ, ದೂರ ಸರಿ!" ಬಗ್ಗಿದಲ್ಲಿಂದಲೇ ಮುದುಕರು ಗುಡುಗಿದರು. "ನಾ ಹಿಂಗೇ ಸತ್ರೂ ಅಡ್ಡಿಲ್ಲ, ಆ ಕಾಲಿನ ಹೆಸರು ಯಾರೂ ತಗೀಬ್ಯಾಡ್ರಿ!"

ಸಂಗಮೇಶ್ವರ ಒಬ್ಬರ ನಂತರ ಒಬ್ಬರನ್ನು ಒಳಗೆ ಸೇರಿಸಿದ. ಶಿವಗಂಗಾ ಕ್ಯಾಲೆಂಡರಿನಲ್ಲಿ ತನ್ನ ಹೆಸರಿಗೆ 'ಒಂದು' ಎಂದು ಬರೆದಳು, ಪಕ್ಕದಲ್ಲಿ ಮಾವನ ಹೆಸರಿಗೂ 'ಒಂದು'. ಆಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕದ್ದಕ್ಕೂ ಟೊಂಕ ನೋಯಿತು.