ಉಸಿರು ಕತ್ತರಿಸುವ ಕೆಲಸ

ನಮ್ಮ ಮನೆಯವರಿಗೆ ಹಾಡುವವರೆಲ್ಲ ಸೇರಿ ಇಟ್ಟ ಹೆಸರು ಕತ್ತರಿ. ಮನೆಯ ಹಿಂದಿನ ಕೋಣೆಯೇ ಅವರ ಸ್ಟುಡಿಯೋ. ನಡುವೆ ಗಾಜಿನ ಗೋಡೆ, ಆಚೆ ಹೆಡ್‌ಫೋನ್ ಹಾಕಿಕೊಂಡು ಹಾಡುವವರು, ಈಚೆ ಇವರು. ಹಾಡು ರೆಕಾರ್ಡ್ ಆಯಿತೋ, ಕಂಪ್ಯೂಟರಿನ ಮುಂದೆ ಕೂತು, ಸಾಲುಗಳ ನಡುವಿನ ಉಸಿರು, ಕೆಮ್ಮು, ಪಿಸುಮಾತು ಎಲ್ಲವನ್ನೂ ಕತ್ತರಿಸಿ ಎಸೆಯುತ್ತಾರೆ. ಹಾಡುವವರು ಉಸಿರಾಡದಿದ್ದರೆ ಸತ್ತೇಹೋಗುತ್ತಾರಲ್ಲವೇ ಎಂದು ಎಷ್ಟೋ ಸಲ ಕೇಳಿದ್ದೇನೆ. ಕೇಳುವವರಿಗೆ ಹಾಡು ಬೇಕು, ಶ್ವಾಸಕೋಶ ಬೇಡ ಎನ್ನುತ್ತಾರೆ. ವಾದದಲ್ಲಿ ಇವರನ್ನು ಗೆದ್ದವರಿಲ್ಲ. ನಾನೂ ಕೈಬಿಟ್ಟಿದ್ದೇನೆ.

ಇವರ ಕತ್ತರಿಗೆ ಹೆಚ್ಚು ಸಿಕ್ಕಿದ್ದು ಇವರ ಅಕ್ಕನ ಹಾಡುಗಳೇ. ತಾಯಿ ಬೇಗ ಹೋದ ಮೇಲೆ ಇವರನ್ನು ಎತ್ತಿ ಆಡಿಸಿ ಬೆಳೆಸಿದವರು ಅಕ್ಕ. ಐವತ್ತು ದಾಟಿ, ತಲೆ ಬೋಳಾಗಿ, ಹೊಟ್ಟೆ ಮುಂದೆ ಬಂದರೂ ಅಕ್ಕನ ಬಾಯಲ್ಲಿ ಇವರು 'ಪಾಪು'. ಹೊರಗಿನವರ ಮುಂದೆ ಹಾಗೆ ಕರೆದರೆ ಇವರ ಮುಖ ಊದಿಕೊಳ್ಳುತ್ತಿತ್ತು. ಅಕ್ಕ ತೀರಿಕೊಂಡು ಮೂರು ವರ್ಷವಾಯಿತು. ಈಗ ಆ ಹೆಸರಿಗಾಗಿ ಹಂಬಲಿಸುತ್ತಾರೆ. ಫೋನಿನಲ್ಲಿ ಫೋಟೊಗಳಿವೆ, ಮಾತಿಲ್ಲ. ಒಂದು ದಿನ ಊಟದ ನಡುವೆ ತುತ್ತು ಕೈಯಲ್ಲೇ ಹಿಡಿದು, "ಹಾಡು ನಲವತ್ತಿವೆ ಕಣೇ. ನನ್ನ ಕರೆದಿದ್ದು ಒಂದೂ ಇಲ್ಲ" ಎಂದರು. ಅವರ ಸಂಕಟ ನೋಡಲಾರದೆ ನಾನೇ ಒಮ್ಮೆ ಹಾಗೆ ಕರೆದು ನೋಡಿದೆ. ಇಬ್ಬರಿಗೂ ನಾಚಿಕೆಯಾಯಿತು.

ಕಳೆದ ತಿಂಗಳು ಹಳೆಯ ಕಂಪ್ಯೂಟರ್ ಕೆಟ್ಟು, ಅದರಲ್ಲಿದ್ದ ಹಾಡುಗಳನ್ನೆಲ್ಲ ತುಂಬಿಕೊಂಡು ಹೊಸದು ಬಂತು. ಜೊತೆಗೆ ರೆಕಾರ್ಡಿಂಗ್ ಸಾಫ್ಟ್‌ವೇರಿನ ಹೊಸ ಆವೃತ್ತಿ. ಗುಂಡಿಗಳೆಲ್ಲ ಜಾಗ ಬದಲಿಸಿದ್ದವು. ಸೊಸೆ ಜೋಡಿಸಿಟ್ಟ ಅಡುಗೆಮನೆಯಲ್ಲಿ ಅತ್ತೆ ಉಪ್ಪಿನ ಡಬ್ಬಿಗೆ ತಡಕಾಡುವ ಹಾಗೆ ಇವರು ಬೈದುಕೊಳ್ಳುತ್ತಾ ಹುಡುಕಿದರು. ಇಪ್ಪತ್ತು ವರ್ಷದಿಂದ ಅದರಲ್ಲಿ ಇವರು ಮಾಡಿದ್ದು ನಾಲ್ಕೇ ಕೆಲಸ. ರೆಕಾರ್ಡ್ ಮಾಡುವುದು, ಕತ್ತರಿಸುವುದು, ಉಳಿಸುವುದು, ಹಾಡು ಮುಗಿಸಿ ಕೊಟ್ಟ ಮೇಲೆ ಬೇಡದ್ದನ್ನು ಅಳಿಸುವುದು. ಈಗ ವಿಧಿಯಿಲ್ಲದೆ ಒಂದೊಂದೇ ಮೆನು ತೆರೆದು ಓದತೊಡಗಿದರು. ಹಾಗೆ ಓದುವಾಗ, ಹಿಂದಿನ ವಾರ ಹಾಡಿ ಹೋದವರೊಬ್ಬರ, ತೆರೆಯ ಮೇಲಿದ್ದ ಹಾಡಿನ ತುಣುಕಿನ ಅಂಚಿಗೆ ಮೌಸ್ ತಗಲಿ ಅಂಚು ಪಕ್ಕಕ್ಕೆ ಸರಿಯಿತು. ಕತ್ತರಿಸಿದ್ದ ಉಸಿರು ಮತ್ತೆ ಬಂತು, ಅದರ ಹಿಂದೆಯೇ ಒಂದು ಸೀನು.

ಕತ್ತರಿಸಿದ್ದು ಎಲ್ಲೂ ಹೋಗಿರಲಿಲ್ಲ. ಸಾಫ್ಟ್‌ವೇರ್ ಅದನ್ನು ಮಡಿಸಿ ಒಳಗಿಟ್ಟುಕೊಂಡಿತ್ತು, ಅಂಚು ಹಿಡಿದು ಎಳೆದರೆ ಬಿಚ್ಚಿಕೊಳ್ಳುತ್ತಿತ್ತು. ಮೊದಲ ದಿನವೇ ಕಲಿತದ್ದಂತೆ, ಬಳಸದೆ ಮರೆತೇಬಿಟ್ಟಿದ್ದರಂತೆ. ನನ್ನನ್ನು ಕರೆದು ತೋರಿಸಿದರು. ಇಬ್ಬರ ತಲೆಯಲ್ಲೂ ಅಕ್ಕನೇ.

ಅಕ್ಕನ ಒಂದು ಹಾಡು ತೆರೆದು ಅಂಚು ಎಳೆದರು. ಏನೂ ಇಲ್ಲ. ಎರಡನೆಯದು, ಹತ್ತನೆಯದು, ಏನೂ ಇಲ್ಲ. ಕಾರಣ ಅವರಿಗೇ ಮೊದಲು ಹೊಳೆಯಿತು. ಮುಗಿದ ಹಾಡಿನಿಂದ ಬೇಡದ್ದನ್ನು ಅಳಿಸುತ್ತಿದ್ದರಲ್ಲ, ಬೇರೆಯವರದ್ದಾದರೆ ಒಮ್ಮೊಮ್ಮೆ ಮರೆತಾರು, ಅಕ್ಕನ ಹಾಡೆಂದರೆ ವಿಶೇಷ ಕಾಳಜಿ. ಒಂದು ಚೂರೂ ಬಿಡದೆ ಗುಡಿಸಿದ್ದರು. ನನಗೆ ಕೋಪ ನೆತ್ತಿಗೇರಿತು, ಅವರ ಮುಖ ನೋಡಿ ಇಳಿಯಿತು.

ನಲವತ್ತೊಂದನೆಯದು ಒಂದಿತ್ತು, ಅರ್ಧಕ್ಕೇ ನಿಂತದ್ದು. ಎರಡನೆಯ ಚರಣ ನಾಳೆ ಹಾಡುತ್ತೇನೆ ಎಂದು ಹೋದ ಅಕ್ಕ ಆ ವಾರವೇ ಆಸ್ಪತ್ರೆ ಸೇರಿ, ಮತ್ತೆ ಮನೆಗೆ ಬರಲಿಲ್ಲ. ಹಾಡು ಮುಗಿಯದ್ದರಿಂದ ಇವರು ಅದನ್ನು ಗುಡಿಸಿರಲಿಲ್ಲ. ಮೌಸನ್ನು ನನ್ನ ಕಡೆ ತಳ್ಳಿ, ನೀನೇ ಎಳಿ ಎಂದರು. ನಾನು ಎಳೆದೆ.

ಮೊದಲು ಉಸಿರು. ಕುರ್ಚಿ ಕಿರುಗುಟ್ಟಿದ ಸದ್ದು. ಆಮೇಲೆ ಅಕ್ಕ, ಪಕ್ಕದಲ್ಲೇ ಕೂತ ಹಾಗೆ.

"ಪಾಪೂ, ನಿಂಗೊಂದು ಮಾತು ಹೇಳ್ಬೇಕಿತ್ತು ಕಣೋ."

ಇವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಅಷ್ಟರಲ್ಲಿ ಇನ್ನೊಂದು ದನಿ ಕೇಳಿಸಿತು. ಅಕ್ಕನ ಹೆಡ್‌ಫೋನಿನಿಂದ ಸೋರಿ ಮೈಕಿಗೆ ಬಿದ್ದ, ಸಣ್ಣ, ಅವಸರದ ದನಿ. ಇವರದೇ.

"ಹಾಡು ಮುಗೀಲಿ ಅಕ್ಕ, ಆಮೇಲೆ ಹೇಳು."

"ಆಯ್ತು ಬಿಡು" ಎಂದರು ಅಕ್ಕ. ಹಾಡು ಶುರುವಾಯಿತು.

ಆಮೇಲೆ ಏನು ಹೇಳಿದರು ಎಂದು ಕೇಳಿದೆ. ತಾನು ಕೇಳಲೇ ಇಲ್ಲ ಎಂದರು. ಅಕ್ಕ ಹಾಡಿ ಎದ್ದ ಕೂಡಲೇ ಉಸಿರು ಕತ್ತರಿಸಲು ಕೂತರಂತೆ, ಅವರು ಚಪ್ಪಲಿ ಮೆಟ್ಟಿ ಹೊರಟದ್ದೂ ತಿಳಿಯಲಿಲ್ಲವಂತೆ. ಆ ದಿನ ಅಕ್ಕ ಅಡುಗೆಮನೆಗೆ ಬಂದು ನೀರು ಕುಡಿದು, ಅವನಿಗೆ ಕೆಲಸವಿದೆ ಎಂದು ನಕ್ಕದ್ದು ನನಗೆ ನೆನಪಿದೆ. ನಾನೂ ಏನೆಂದು ಕೇಳಲಿಲ್ಲ.

ಈಗ ಬಿಡುವಾದಾಗಲೆಲ್ಲ ಅದೊಂದು ತುಣುಕನ್ನೇ ಹಾಕಿಕೊಂಡು ಕೂರುತ್ತಾರೆ. ಮೊನ್ನೆ ಸಂಜೆ ಚಹಾ ಕೊಡಲು ಹೋದೆ. ನಡುವೆ ಬಂದ ತಮ್ಮ ಮಾತನ್ನು ಕತ್ತರಿಸಿ ತೆಗೆದು, ಆ ಜಾಗವನ್ನು ಉದ್ದಕ್ಕೆ ಖಾಲಿ ಬಿಟ್ಟಿದ್ದರು. ಒಂದು ಮಾತು ಹೇಳಬೇಕಿತ್ತು ಎಂದರು ಅಕ್ಕ. ಇವರು ಕಾದರು. ನಾನೂ ಲೋಟ ಹಿಡಿದು ನಿಂತೇ ಕಾದೆ.

"ಆಯ್ತು ಬಿಡು" ಎಂದರು ಅಕ್ಕ.